ಸುಕ್ಕಿನ ವ್ಯಾಪಾರ

ನಾರ್ವೆಯ ಛಾಯಾಗ್ರಾಹಕಿ ಕಾರೊಲಿನೆ ಯೋರ್ತ್ ಹಾಗೂ ಫಿನ್‌ಲೆಂಡಿನ ಕಲಾವಿದೆ ರೀತ್ತಾ ಇಕೊನೆನ್ ಜೊತೆಗೂಡಿ ೨೦೧೧ರಲ್ಲಿ ಆರಂಭಿಸಿದ ‘ತಟ್ಟೆಯಗಲದ ಕಣ್ಣುಗಳು’ ಎಂಬ ಚಿತ್ರಮಾಲೆಯನ್ನು ಕುರಿತು ನಮ್ಮಲ್ಲಿ ಕೆಲವರು ಆಡುವ ಮಾತನ್ನು ಕೇಳಿ ಸುಮ್ಮನಿರಲಾರೆ. “ಮುದುಕರ ತಲೆಗೆ ಸೊಪ್ಪು ಕಟ್ಟಿ ಕೂರಿಸಿದರೆ ಅದೂ ಒಂದು ಕಲೆಯೆ?” ಎನ್ನುತ್ತಾರೆ. ಹೀಗೆನ್ನುವವರು ಬೇರಾರೂ ಅಲ್ಲ. ಕ್ಯಾಮರಾ ಹೆಗಲಿಗೇರಿಸಿ ಸಂತೆ ಜಾತ್ರೆಗಳಲ್ಲಿ ಸುಕ್ಕುಮುಖ ಹುಡುಕುವ ನಮ್ಮ ಸ್ಪರ್ಧಾವೀರರು.

ಸೊಪ್ಪು ಕಟ್ಟಿದ್ದಾರೆ, ನಿಜ. ಪಾಚಿ, ಹುಲ್ಲು, ಟೊಂಗೆ, ಕಡಲಕಳೆ, ಹೀಗೆ ಸ್ಥಳದಲ್ಲಿ ಸಿಕ್ಕಿದ್ದರಿಂದ ಉಡುಗೆ ಹೆಣೆದು ತೊಡಿಸಿ, ಬಯಲಲ್ಲೇ ಚಿತ್ರ ತೆಗೆಯುತ್ತಾರೆ. ಉತ್ತರ ಯೂರೋಪಿನ ಜನಪದ ಕಥೆಗಳ ಪಾತ್ರಗಳಿಂದ ಹೊರಟ ಕೆಲಸ ಐಸ್‌ಲೆಂಡ್, ಜಪಾನ್, ದಕ್ಷಿಣ ಕೊರಿಯಗಳಿಗೂ ಹಬ್ಬಿತು. ೨೦೧೭ರಲ್ಲಿ ಪುಸ್ತಕವೂ ಆಯಿತು. ನಿಂತವರು ಯಾರು? ನಿವೃತ್ತ ರೈತರು, ಮೀನುಗಾರರು, ಕೊಳಾಯಿ ಕೆಲಸದವರು, ಗೃಹಿಣಿಯರು. ಇವರನ್ನು ಆ ಕಲಾವಿದೆಯರು ಸಹಯೋಗಿಗಳೆಂದೇ ಎಣಿಸುತ್ತಾರೆ. ಪ್ರತಿ ಚಿತ್ರದ ಶೀರ್ಷಿಕೆಯಲ್ಲೂ ಮಾಲೆಯ ಹೆಸರಿನ ಜೊತೆಗೆ ನಿಂತವರ ಹೆಸರಿದೆ.

ಇನ್ನು ನಮ್ಮ ಪ್ರದರ್ಶನಗಳ ಗೋಡೆ ನೋಡಿ. ‘ಮುಪ್ಪು’, ‘ಚಿಂತೆ’, ‘ಬಾಳಸಂಜೆ’. ಯಾರ ಮುಪ್ಪು ಸ್ವಾಮಿ, ಯಾರ ಚಿಂತೆ? ಬಹುಮಾನ ಪಡೆದ ಒಬ್ಬರನ್ನು, ಚಿತ್ರದಲ್ಲಿದ್ದ ಅಜ್ಜಿಯ ಹೆಸರೇನೆಂದು ಕೇಳಿದೆ. ಲೆನ್ಸಿನ ಅಳತೆ ಹೇಳಿದರು, ಬೆಳಕು ಯಾವ ಕಡೆಯಿಂದ ಬಿತ್ತೆಂದು ಹೇಳಿದರು, ಹೆಸರು ಕೇಳಿರಲಿಲ್ಲವಂತೆ. ಅಜ್ಜಿಯ ಕೈಗೆ ಹತ್ತು ರೂಪಾಯಿ ಕೊಟ್ಟದ್ದನ್ನು ಮಾತ್ರ ತಾವಾಗಿ ಹೇಳಿದರು. ನಿಸರ್ಗಚಿತ್ರಕಾರರೂ ಇವರ ಅಣ್ಣತಮ್ಮಂದಿರೇ: ದನಗಾಹಿ ಚೌಕಟ್ಟಿನಿಂದಾಚೆ ಹೋಗುವ ತನಕ ಕಾದು ‘ನಿರ್ಮಲ ಪ್ರಕೃತಿ’ಯನ್ನು ಸೆರೆಹಿಡಿಯುತ್ತಾರೆ. ಆ ಬೆಟ್ಟದ ಹುಲ್ಲಿನ ಗುಣ ಬಲ್ಲವನು ಆ ದನಗಾಹಿಯೊಬ್ಬನೇ ಇದ್ದಾನು!

“ತುಳುನಾಡಿನ ಆಟಿ ಕಳಂಜ ತೆಂಗಿನ ಎಳೆಗರಿ ಉಟ್ಟು ಮನೆಮನೆಗೆ ಬರುವುದಿಲ್ಲವೆ, ಇದರಲ್ಲೇನು ಹೊಸತು?” ಎಂಬ ಆಕ್ಷೇಪವೂ ಉಂಟು. ಕಳಂಜ ಬರುವುದು ಊರಿನ ಮಾರಿ ಕಳೆಯಲಿಕ್ಕೆ. ಅಲ್ಲಿ ವೇಷ ಕಟ್ಟಿದವನು ಮರೆಯಾಗಿ ಕಳಂಜನೇ ಕಾಣಬೇಕು. ಇಲ್ಲಿ ಉಡುಗೆ ಎಷ್ಟೇ ವಿಚಿತ್ರವಾಗಿರಲಿ, ನೋಡುವುದು ಇಂಥ ಹೆಸರಿನ ಇಂಥ ಮನುಷ್ಯನನ್ನೇ. ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ಸೋಮಾರಿತನ.

ಮಾಲೆಯಲ್ಲಿ ಕುಂದಿಲ್ಲವೆಂದು ನಾನು ವಾದಿಸುತ್ತಿಲ್ಲ. ಬಹುಮಂದಿ ಒಂದೇ ಬಗೆಯ ಗಾಂಭೀರ್ಯದಲ್ಲಿ ನಿಂತಿದ್ದಾರೆ. ಹತ್ತಿಪ್ಪತ್ತು ಚಿತ್ರ ನೋಡಿದ ಮೇಲೆ ಒಬ್ಬರಾದರೂ ಗಹಗಹಿಸಿ ನಗಬಾರದೆ ಎನಿಸುತ್ತದೆ. ಅದು ರುಚಿಯ ಮಾತು. ಹೆಸರು ಕೇಳುವುದು ರುಚಿಯ ಮಾತಲ್ಲ. ನಮ್ಮ ಸ್ಪರ್ಧೆಗಳ ವ್ಯವಸ್ಥಾಪಕರು ಮುಂದಿನ ಪ್ರವೇಶಪತ್ರದಲ್ಲಿ ‘ಚಿತ್ರದಲ್ಲಿರುವವರ ಹೆಸರು, ಒಪ್ಪಿಗೆ’ ಎಂದು ಒಂದು ಸಾಲು ಸೇರಿಸಲಿ. ಅದು ಖಾಲಿ ಬಿದ್ದಿದ್ದರೆ ಚಿತ್ರವನ್ನು ತೀರ್ಪುಗಾರರ ಮೇಜಿಗೆ ಒಯ್ಯದೆ ಹಿಂದಕ್ಕೆ ಕಳುಹಿಸಲಿ.