ಫಾರ್ಮ್ಯಾಟ್ ಹೊಡೀರಿ ಅನ್ನೋ ಮಹಾನುಭಾವರಿಗೆ...

ನಮ್ಮೂರು ಬೀದರ್ ಪಕ್ಕದ ಅಷ್ಟೂರ. ಬಹಮನಿ ಸುಲ್ತಾನರ ಗುಮ್ಮಟಗಳಿರೋ ಊರು ಅಂದ್ರೆ ಬಹಳಷ್ಟು ಜನಕ್ಕೆ ಗೊತ್ತಾಗತ್ತೆ. ಕಳೆದ ತಿಂಗಳು ಅಲ್ಲಿಂದ ತಂಗಿ ಮಗಳ ಫೋನು. "ಮಾಮಾ, ಲ್ಯಾಪ್‌ಟಾಪ್‌ದಾಗ ಆವಾಜೇ ಬರವಲ್ದು!"

ರಾತ್ರಿ ಅಪ್‌ಡೇಟ್ ಆಗಿ ಹೊಸ ಕರ್ನೆಲ್ ಬಂದಿತ್ತು. ಬೆಳಿಗ್ಗೆ ನೋಡಿದ್ರೆ ಸ್ಪೀಕರ್ ಹೆಸರಿರಬೇಕಾದ ಜಾಗದಲ್ಲಿ ‘ಡಮ್ಮಿ ಔಟ್‌ಪುಟ್’. ಭಾನುವಾರ ಬರ್ತೀನಿ, ಏನೂ ಮುಟ್ಟಬೇಡ ಅಂದೆ. ಆದರೆ ಅವಳಿಗೆ ಆನ್‌ಲೈನ್ ಕ್ಲಾಸು, ಕಾಯೋಕಾಗಲಿಲ್ಲ. ನೆಟ್ಟಿನಲ್ಲಿ ಸಿಕ್ಕ ಆರು ಸಾಲಿನ ಕಮಾಂಡ್ ಅಂಟಿಸಿದ್ಲು. ಅದು ಧ್ವನಿಯ ಪ್ಯಾಕೇಜುಗಳ ಜೊತೆ ಡೆಸ್ಕ್‌ಟಾಪನ್ನೂ ತೆಗೆದುಹಾಕಿತು. ಆಮೇಲೆ ‘ತಿಳಿದವರೊಬ್ಬರು’ ಫಾರ್ಮ್ಯಾಟ್ ಹೊಡೆದುಕೊಟ್ರು. ಅದರ ಜೊತೆ ಹೋಗಿದ್ದು ನಮ್ಮ ಆಯಿ ಹಾಡಿದ್ದ ಬೀಸೋ ಪದಗಳ ರೆಕಾರ್ಡಿಂಗು. ಆಯಿ ತೀರಿಕೊಂಡು ಒಂದು ವರ್ಷವಾಯ್ತು. ಬ್ಯಾಕಪ್ ಇಟ್ಟಿರಲಿಲ್ಲ, ಆ ತಪ್ಪು ನಂದೂ ಹೌದು.

ತಮಾಷೆ ಕೇಳಿ. ಹೊಸದಾಗಿ ಇನ್‌ಸ್ಟಾಲ್ ಆದ ಮೇಲೆ ಮತ್ತೆ ಅಪ್‌ಡೇಟ್ ಆಯ್ತು, ಮತ್ತೆ ಧ್ವನಿ ಹೋಯ್ತು!

ಭಾನುವಾರ ನಾನು ಮಾಡಿದ್ದು ಇಷ್ಟೇ. ರೀಸ್ಟಾರ್ಟ್ ಮಾಡಿ ಗ್ರಬ್ ಮೆನುವಿನ ‘ಅಡ್ವಾನ್ಸ್ಡ್ ಆಪ್ಷನ್ಸ್’ ಒಳಗೆ ಹಳೇ ಕರ್ನೆಲ್ ಆರಿಸಿದೆ. ಧ್ವನಿ ಬಂತು. ಅಂದ್ರೆ ಸ್ಪೀಕರ್ ಸರಿಯಿದೆ, ಗಲಾಟೆ ಕರ್ನೆಲ್ ಕಡೆಯದ್ದು. ಹೊಸ ಕರ್ನೆಲ್‌ಗೆ ವಾಪಸ್ ಬಂದು ಡಿಮೆಸೇಜ್ ಲಾಗ್ ನೋಡಿದೆ. ಹಳೇ ಕರ್ನೆಲ್ ಎಚ್‌ಡಿಎ ಡ್ರೈವರ್ ಬಳಸ್ತಿತ್ತು, ಹೊಸದು ಇಂಟೆಲ್‌ನ ‘ಸೌಂಡ್ ಓಪನ್ ಫರ್ಮ್‌ವೇರ್’ ದಾರಿ ಹಿಡಿದಿದೆ. ಆ ಫರ್ಮ್‌ವೇರ್ ಕಡತ ಡಿಸ್ಕಿನಲ್ಲೇ ಇಲ್ಲ. ಪ್ಯಾಕೇಜ್ ಹಾಕಿದೆ, ಮುಗೀತು.

ಈಗ ನನ್ನ ತಕರಾರು. ನಾವು ಬ್ಲಾಗಿನವರು ಬರೀತೀವಲ್ಲ, "ಈ ಕಮಾಂಡ್ ಕೊಡಿ, ಸರಿಹೋಗುತ್ತೆ" ಅಂತ... ಯಾವ ಕರ್ನೆಲ್‌ಗೆ? ಯಾವ ವರ್ಷದ್ದು? ಯಾಕೆ? ಕೆಟ್ಟರೆ ವಾಪಸ್ ಬರೋದು ಹೇಗೆ? ಒಂದೂ ಇರಲ್ಲ.

ಆಲ್ಸಾ ಕಾನ್ಫ್ ಕಡತದಲ್ಲಿ ಮಾಡೆಲ್ ಹೆಸರು ಸೇರಿಸೋ ಉಪಾಯ ಒಂದು ಕಾಲಕ್ಕೆ ಸರಿಯಾಗಿತ್ತು. ನಾನೂ ಬರೆದಿದ್ದೆ. ಆಮೇಲೆ 2008ರಲ್ಲಿ ಉಬುಂಟುಗೆ ಪಲ್ಸ್‌ಆಡಿಯೋ ಬಂತು. 2018ರಲ್ಲಿ ಸೌಂಡ್ ಓಪನ್ ಫರ್ಮ್‌ವೇರ್ ಯೋಜನೆ ಶುರುವಾಯ್ತು. 2021ರಲ್ಲಿ ಫೆಡೋರಾ, 2022ರಲ್ಲಿ ಉಬುಂಟು ಪೈಪ್‌ವೈರ್‌ಗೆ ಬದಲಾದವು. ಮನೆಯೇ ಬದಲಾಗಿದೆ, ನಾವಿನ್ನೂ ಹಳೇ ಬೀಗದ ಕೀಲಿ ಹಂಚ್ತಾ ಕೂತಿದ್ದೀವಿ.

"ಓದೋರಿಗೆ ಕಾರಣ ಬೇಡ, ಪರಿಹಾರ ಸಾಕು" ಅಂತೀರಾ? ಡಮ್ಮಿ ಔಟ್‌ಪುಟ್ ಅಂದ್ರೆ ಸಾಮಾನ್ಯವಾಗಿ ಪೈಪ್‌ವೈರ್ ಓಡ್ತಿದೆ, ಅದಕ್ಕೆ ಕೆಳಗಿನಿಂದ ಕಾರ್ಡ್ ಸಿಕ್ಕಿಲ್ಲ ಅಂತ. ಈ ಒಂದು ಸಾಲು ಗೊತ್ತಿದ್ದಿದ್ರೆ ಆ ಹುಡುಗಿ ಮೇಲಿನ ಪ್ಯಾಕೇಜ್ ಕಿತ್ತುಹಾಕ್ತಿರಲಿಲ್ಲ. ಕಾರಣವೇ ಅವಳನ್ನ ಉಳಿಸ್ತಿತ್ತು.

"ಅದಕ್ಕೇ ಲಿನಕ್ಸ್ ಸಹವಾಸ ಬೇಡ" ಅನ್ನೋರಿಗೂ ಒಂದು ಮಾತು. ಅಪ್‌ಡೇಟ್ ಕೆಡೋದು ಎಲ್ಲಾ ಕಡೆ ಇದೆ. ಇಲ್ಲಿ ಹಳೇ ಕರ್ನೆಲ್ ಸಾಮಾನ್ಯವಾಗಿ ಡಿಸ್ಕಿನಲ್ಲೇ ಉಳಿದಿರುತ್ತೆ. ಫೆಡೋರಾ ಅಂತೂ ಮೂರು ಕರ್ನೆಲ್ ಇಟ್ಟುಕೊಂಡಿರುತ್ತೆ. ವಾಪಸ್ ಹೋಗೋ ಬಾಗಿಲು ತೆರೆದೇ ಇದೆ, ತೋರಿಸೋರಿಲ್ಲ ಅಷ್ಟೇ. ಅದೂ ಕನ್ನಡದಲ್ಲಿ.

ನಾನು ನನ್ನ ಹಳೇ ಬರಹಗಳ ತಲೆ ಮೇಲೆ ‘ಇದು ಇಂಥ ವರ್ಷದ್ದು, ಈಗ ಪ್ರಯೋಗಿಸಬೇಡಿ, ಮೊದಲು ಹಳೇ ಕರ್ನೆಲ್‌ನಲ್ಲಿ ಬೂಟ್ ಮಾಡಿ ನೋಡಿ’ ಅಂತ ಸೇರಿಸಿದ್ದೀನಿ. ನೀವೂ ಒಮ್ಮೆ ನಿಮ್ಮದನ್ನ ತೆರೆದು ನೋಡ್ತೀರಾ?

ಅಷ್ಟೂರದ ಆ ಲ್ಯಾಪ್‌ಟಾಪಿನಲ್ಲಿ ಈಗ ಆವಾಜ್ ಚೆನ್ನಾಗೇ ಬರ್ತಿದೆ. ಆಯಿಯ ಪದಗಳು ಮಾತ್ರ ಇಲ್ಲ.