ಎಲ್ಲವೂ ಬೇಡ, ಏನೂ ಬೇಡ

ವಾಸ್ಕೋದಲ್ಲಿ ಗಾರೆಕೆಲಸ ಮಾಡುವ, ಬಾದಾಮಿಯ ಕಡೆಯ ಪರಿಚಿತರೊಬ್ಬರು ತಮ್ಮ ಮಗನ ಅರ್ಜಿಯ ವಿಷಯವಾಗಿ ನಮ್ಮಲ್ಲಿಗೆ ಬಂದಿದ್ದರು. ಕಚೇರಿಯೊಂದರ ಗೋಡೆಯ ಮೇಲಿದ್ದ ಇಂಗ್ಲಿಷ್ ಸೂಚನೆಯನ್ನು ಯಾರಿಂದಲೋ ಚೀಟಿಯಲ್ಲಿ ಬರೆಸಿ ತಂದಿದ್ದರು. ಐದು ದಾಖಲೆಗಳ ಪಟ್ಟಿ. ಕೆಳಗೆ 'ಆಲ್ ದಿ ಡಾಕ್ಯುಮೆಂಟ್ಸ್ ಆರ್ ನಾಟ್ ರಿಕ್ವೈರ್ಡ್' ಎಂದೊಂದು ಸಾಲು. ನಾವು ಕನ್ನಡಕ ಸರಿಪಡಿಸಿಕೊಂಡು, ಬಲ್ಲವರ ಗತ್ತಿನಿಂದ, "ಈ ಕಾಗದಗಳೆಲ್ಲ ಬೇಕಿಲ್ಲವಂತೆ" ಎಂದೆವು. ಅವರು ಬರಿಗೈಯಲ್ಲಿ ಹೋದರು. ಅರ್ಧ ದಿನ ಸಾಲಿನಲ್ಲಿ ನಿಂತ ಮೇಲೆ, ಐದರಲ್ಲಿ ಎರಡಾದರೂ ಇರಲೇಬೇಕೆಂದು ತಿಳಿಯಿತು. ಅಂದೇ ಕೊನೆಯ ದಿನ. "ಏನೂ ಬ್ಯಾಡಂತ ನೀವs ಹೇಳಿದ್ರಲ್ರೀ ಸರ" ಎಂದಷ್ಟೇ ಅವರು ಹೇಳಿದರು. ಬೈದಿದ್ದರೆ ನಮಗೆ ಹಗುರವಾಗುತ್ತಿತ್ತು.

ಈ ಸಂಗತಿಯನ್ನು ಕೇಳಿದ ನೆರೆಮನೆಯ ಹುಡುಗಿ, ಕಂಪ್ಯೂಟರ್ ವಿಜ್ಞಾನದ ವಿದ್ಯಾರ್ಥಿನಿ, ತನ್ನ ಪಠ್ಯದಲ್ಲಿ ಇಂಥದಕ್ಕೆಂದೇ ಒಂದು ಅಧ್ಯಾಯವಿದೆಯೆಂದಳು. ನಿತ್ಯದ ಇಂಗ್ಲಿಷ್ ವಾಕ್ಯಗಳನ್ನು ತರ್ಕದ ಚಿಹ್ನೆಗಳಿಗೆ ಇಳಿಸುವುದು ಅಲ್ಲಿಯ ಅಭ್ಯಾಸ. ಪ್ರೆಡಿಕೇಟ್ ಲಾಜಿಕ್ ಎಂದು ಅದರ ಹೆಸರು, ವಿಧೇಯ ತರ್ಕವೆನ್ನಬಹುದು. ಜರ್ಮನಿಯ ಗಣಿತಜ್ಞ ಗಾಟ್ಲೋಬ್ ಫ್ರೇಗೆ 1879ರಲ್ಲಿ ಪ್ರಕಟಿಸಿದ ಪುಟ್ಟ ಗ್ರಂಥವೊಂದು ಇದಕ್ಕೆ ಬುನಾದಿ. ಈಗಿನ ಚಿಹ್ನೆಗಳು ಬಳಿಕ ಬಂದವು: 'ಎಲ್ಲ' ಎಂಬುದಕ್ಕೆ ತಲೆಕೆಳಗಾದ 'ಎ', 'ಒಂದಾದರೂ ಉಂಟು' ಎಂಬುದಕ್ಕೆ ಹಿಂದುಮುಂದಾದ 'ಇ'.

ಹುಡುಗಿ ನಮ್ಮ ಚೀಟಿಯ ವಾಕ್ಯವನ್ನು ಎರಡು ಬಗೆಯಲ್ಲಿ ಬರೆದಳು. ನಿಷೇಧದ ಗುರುತು 'ಎಲ್ಲ'ಕ್ಕಿಂತ ಮುಂದೆ ನಿಂತರೆ, 'ಪ್ರತಿಯೊಂದು ಕಾಗದವೂ ಬೇಕೆಂಬುದು ನಿಜವಲ್ಲ' ಎಂದರ್ಥ. ಅದು 'ಎಲ್ಲ'ದ ಹಿಂದೆ ಸರಿದರೆ, 'ಪ್ರತಿಯೊಂದು ಕಾಗದವೂ ಬೇಡ' ಎಂದಾಗುತ್ತದೆ. ಕಚೇರಿಯವರ ಮನಸ್ಸಿನಲ್ಲಿದ್ದುದು ಮೊದಲನೆಯದು. ನಮ್ಮ ಬಾಯಿಂದ ಬಂದುದು ಎರಡನೆಯದು. ಮೊದಲನೆಯದಾದರೂ ಎಷ್ಟು ಕಾಗದ ಬೇಕೆಂಬುದನ್ನು ಹೇಳುವುದಿಲ್ಲವೆಂದು ಅವಳೇ ತೋರಿಸಿದಾಗ, ನಮ್ಮ ತಪ್ಪಿನಲ್ಲಿ ಸ್ವಲ್ಪ ಪಾಲನ್ನು ಆ ಗೋಡೆಗೂ ಹಂಚಿದೆವು.

ಇಂಗ್ಲಿಷನ್ನೇ ದೂರುವಂತಿಲ್ಲ. 'ಬೆಳ್ಳಗಿರುವುದೆಲ್ಲ ಹಾಲಲ್ಲ' ಎಂಬ ನಮ್ಮ ಗಾದೆಯನ್ನು ಅಕ್ಷರಶಃ ಹಿಡಿದರೆ ಬೆಳ್ಳಗಿನ ಯಾವ ವಸ್ತುವೂ ಹಾಲಲ್ಲ. ಹಾಲು ಬೇರೆ ಬಣ್ಣದ್ದಾಗಬೇಕು! ಅಜ್ಜಿಯಂದಿರು ಹಾಗೆ ತಿಳಿದವರಲ್ಲ. ಲಿಡ್ಜ್ ಮತ್ತು ಮುಸೋಲಿನೋ ಎಂಬ ಭಾಷಾವಿಜ್ಞಾನಿಗಳು 2002ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಕನ್ನಡದ ಮಕ್ಕಳನ್ನೂ ಇಂಗ್ಲಿಷಿನ ಮಕ್ಕಳನ್ನೂ ಇಂಥ ವಾಕ್ಯಗಳಿಂದ ಪರೀಕ್ಷಿಸಿದ್ದರು. 'ಅವನು ಇಬ್ಬರನ್ನು ಹಿಡಿಯಲಿಲ್ಲ' ಎಂದರೆ ಹಿಡಿದವರ ಸಂಖ್ಯೆ ಎರಡನ್ನು ಮುಟ್ಟಲಿಲ್ಲವೆಂದೋ, ತಪ್ಪಿಸಿಕೊಂಡವರು ಇಬ್ಬರೆಂದೋ? ದೊಡ್ಡವರು ಎರಡನ್ನೂ ಒಪ್ಪಿದರು. ನಾಲ್ಕು ವರ್ಷದ ಮಕ್ಕಳು ಮೊದಲನೆಯದರತ್ತಲೇ ವಾಲಿದರು. ನಮ್ಮ 'ಇಲ್ಲ' ವಾಕ್ಯದ ಕೊನೆಯಲ್ಲಿ ಬಂದರೂ, ಇಂಗ್ಲಿಷಿನ 'ನಾಟ್' ಮೊದಲೇ ಬಂದರೂ ಮಕ್ಕಳ ಒಲವು ಒಂದೇ.

ಆದರೆ ಕನ್ನಡದಲ್ಲಿ ತಪ್ಪಿಸಿಕೊಳ್ಳುವ ದಾರಿಯೂ ಉಂಟು. 'ಎಲ್ಲವೂ ಬೇಕೆಂದೇನಿಲ್ಲ', 'ಯಾವುದೂ ಬೇಡ': ಇವೆರಡನ್ನು ಯಾವ ಕನ್ನಡಿಗನೂ ಒಂದೆಂದು ತಿಳಿಯಲಾರ. 'ಯಾರೋ ಬಂದರು', 'ಯಾರೂ ಬರಲಿಲ್ಲ'. ಕೊನೆಯ ಒಂದು ಸ್ವರ ಹುಡುಗಿಯ ಚಿಹ್ನೆಯ ಕೆಲಸವನ್ನೇ ಮಾಡುತ್ತದೆ. ಇಂಗ್ಲಿಷ್ ವಾಕ್ಯವನ್ನು ತರ್ಕಕ್ಕೆ ಇಳಿಸುವ ಮೊದಲು ಕನ್ನಡದಲ್ಲಿ ಎರಡು ರೀತಿಯಾಗಿ ಹೇಳಿಕೊಳ್ಳೆಂದು ನಾವು ಅವಳಿಗೆ ಹೇಳಿದೆವು. ಅಷ್ಟು ಗುರುತನವನ್ನಾದರೂ ಉಳಿಸಿಕೊಳ್ಳಬೇಡವೇ!

ನಾವಿರುವ ಗೋವೆಯಲ್ಲಿ ಇಂಥ ಸಣ್ಣ ಪದಗಳ ಭಾರ ಕಡಿಮೆಯೇನಲ್ಲ. 1987ರ ರಾಜಭಾಷಾ ಕಾಯಿದೆಯು ದೇವನಾಗರಿ ಲಿಪಿಯ ಕೊಂಕಣಿಯನ್ನು ರಾಜಭಾಷೆಯಾಗಿಸಿ, ಮರಾಠಿಯನ್ನೂ 'ಆಲ್ ಆರ್ ಎನಿ' ಸರ್ಕಾರಿ ಕಾರ್ಯಗಳಿಗೆ ಬಳಸಲು ಎಡೆಮಾಡಿತು. ಎಲ್ಲ ಕಾರ್ಯಗಳಿಗೆ ಬಳಸಿದರೂ ಆ ಮಾತಿನೊಳಗೇ ಇದ್ದಂತೆ; ಒಂದಕ್ಕೆ ಮಾತ್ರ ಬಳಸಿದರೂ ಆ ಮಾತಿನೊಳಗೇ ಇದ್ದಂತೆ. ಬರೆದವರು ಜಾಣರು.

ಮಗನ ಅರ್ಜಿ ಮುಂದಿನ ವರ್ಷಕ್ಕೆ ಹೋಯಿತು. ಈಗ ಅವರು ಚೀಟಿ ತಂದರೆ ನಾವು ಎರಡೂ ಅರ್ಥಗಳನ್ನು ಬರೆದುಕೊಟ್ಟು, ಯಾವುದು ಸರಿಯೆಂದು ಕಚೇರಿಯಲ್ಲೇ ಕೇಳಿರೆನ್ನುತ್ತೇವೆ. ಅವರು ತಲೆಯಾಡಿಸಿ, ಐದೂ ಕಾಗದಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡೇ ಹೋಗುತ್ತಾರೆ.