ಅಕ್ಕನ ಅಂಕಿತ
ಬಾಗೇವಾಡಿಯ ಅಗ್ರಹಾರದೊಡೆಯ ಮಾದರಸ, ಮಾದಲಾಂಬಿಕೆಯರ ಮಗಳು ನಾಗಮ್ಮ, ಬಸವಣ್ಣನವರ ಅಕ್ಕ, ಚೆನ್ನಬಸವಣ್ಣನವರ ತಾಯಿ. 12ನೆಯ ಶತಮಾನದ ಈ ಮಹಿಳೆಯನ್ನು ನಾವು ಸ್ಮರಿಸುವುದು ಹೀಗೆಯೇ: ಒಬ್ಬರ ಅಕ್ಕ, ಇನ್ನೊಬ್ಬರ ತಾಯಿ ಎಂದು. ಆದರೆ ವಾಚಕರೇ, ಆಕೆ ಸ್ವತಃ ವಚನಕಾರ್ತಿ. ತಮ್ಮನ ಅಂಕಿತ ‘ಕೂಡಲಸಂಗಮದೇವ’, ಮಗನದು ‘ಕೂಡಲಚೆನ್ನಸಂಗಮದೇವ’. ಆಕೆಯದು ‘ಬಸವಣ್ಣಪ್ರಿಯ ಚೆನ್ನಸಂಗಯ್ಯ’. ಕಿರಿಯನ ಹೆಸರನ್ನು ದೇವರ ಹೆಸರಿನೊಡನೆ ಹೊಸೆದ ಅಕ್ಕರೆಯನ್ನು ನೋಡಿರಿ!

1167ರ ಸುಮಾರಿಗೆ ಕಲ್ಯಾಣ ಕದಡಿತು. ತಮ್ಮ ಐಕ್ಯನಾದುದು ಕೂಡಲಸಂಗಮದಲ್ಲಿ, ಮಗ ಉಳವಿಯಲ್ಲಿ, ಅಕ್ಕ ತರೀಕೆರೆಯ ಸಮೀಪದ ಎಣ್ಣೆಹೊಳೆಯಲ್ಲಿ ಎಂದು ಸಂಪ್ರದಾಯ ಹೇಳುತ್ತದೆ. ಒಂದೇ ಮನೆಯ ಮೂವರು ಮೂರು ನೆಲಗಳಲ್ಲಿ ಅಗಲಿದರು. ಅವರನ್ನು ಇಂದಿಗೂ ಒಂದೆಡೆ ಕೂಡಿಸಿರುವುದು ಅಕ್ಕನ ಆ ಅಂಕಿತ.